ಗೌರಿ ಓದದೇ ಉಳಿದ ಪುಟಗಳು

ಮೊನ್ನೆ ಮತ ಹಾಕಲು ಮಗಳ ಹಳೆಯ ಶಾಲೆಗೆ ಹೋಗಿದ್ದೆ. ನಮ್ಮ ಮತಗಟ್ಟೆ ಈ ಸಲ ಕೆಳಮಹಡಿಯ ಮೂಲೆಯ ಕೋಣೆಯಲ್ಲಿತ್ತು. ಏಪ್ರಿಲ್ ತಿಂಗಳು, ಬೆಳಗಿನ ಹೊತ್ತಿಗೇ ಅಂಗಳದ ಫರಸಿಕಲ್ಲಿನ ಬಿಸಿ ಚಪ್ಪಲಿಯನ್ನೂ ದಾಟಿ ಅಂಗಾಲಿಗೆ ತಾಗುತ್ತಿತ್ತು. ಹೊಸ್ತಿಲು ದಾಟುತ್ತಲೇ ಕೂಲರಿನ ನೆನೆದ ಹುಲ್ಲಿನ ವಾಸನೆ ಬಂತು. ಅದರೊಳಗೆ, ನನ್ನ ಭ್ರಮೆಯೋ ಏನೋ, ಹಳೆಯ ಕಾಗದದ ಮುಗ್ಗು ವಾಸನೆಯೂ ಇತ್ತು. ಮೊದಲು ಲೈಬ್ರರಿಯಾಗಿದ್ದ ಆ ಕೋಣೆಯಲ್ಲಿ ಈಗ ಪುಸ್ತಕಗಳಿಲ್ಲ. ಕಪಾಟುಗಳು ನಿಂತಿದ್ದ ಜಾಗದಲ್ಲಿ ಗೋಡೆಯ ಬಣ್ಣ ಮಾತ್ರ ಸ್ವಲ್ಪ ಹೊಸದಾಗಿ ಉಳಿದಿದೆ. ಬೆರಳಿಗೆ ಶಾಯಿ ಹಚ್ಚಿದ ಹೆಂಗಸು, "ಮ್ಯಾಡಮ್, ಆಗೇ ಬಢಿಯೇ," ಮುಂದೆ ನಡೆಯಿರಿ, ಎಂದು ಎರಡು ಸಲ ಹೇಳಬೇಕಾಯಿತು. ನಾನು ಗೋಡೆಯನ್ನೇ ನೋಡುತ್ತ ನಿಂತುಬಿಟ್ಟಿದ್ದೆ.

ಅಲ್ಲಿಂದ ಪುಸ್ತಕಗಳು ಹೋದದ್ದು ನನ್ನ ಮಗಳು ಮೇಘನಾ ಹತ್ತನೆಯ ತರಗತಿಯಲ್ಲಿದ್ದ ವರ್ಷ. ನಮ್ಮ ಮೇಲಿನ ಮನೆಯ ಗೌರಿ ಏಳನೆಯ ತರಗತಿ. ಇಬ್ಬರದೂ ಅದೇ ಶಾಲೆ. ಆ ವರ್ಷದ ಹೋಳಿಯ ಹೊತ್ತಿಗೆ ಗೌರಿಯ ತಾಯಿ ವೈಶಾಲಿ ತೀರಿಕೊಂಡಿದ್ದಳು. ಜ್ವರ ಎಂದು ಆಸ್ಪತ್ರೆಗೆ ಸೇರಿದವಳು ತಿರುಗಿ ಬರಲಿಲ್ಲ. ಗೌರಿಯ ಅಪ್ಪ ಊರಾಚೆಯ ಹಿಂಗಣಾದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಬೆಳಿಗ್ಗೆ ಬೈಕು ಹತ್ತಿದರೆ ಮನೆ ಸೇರುವಾಗ ಸಂಜೆಯಾಗುತ್ತಿತ್ತು. ಹಾಗಾಗಿ ಶಾಲೆ ಬಿಟ್ಟ ಮೇಲೆ ಗೌರಿ ನಮ್ಮಲ್ಲಿ ಊಟ ಮಾಡಿ, ಅಪ್ಪ ಬರುವ ತನಕ ನಮ್ಮ ಬಾಲ್ಕನಿಯಲ್ಲಿ ಕೂರುವುದೆಂದು ಮಾತಾಯಿತು.

ಮಾತು ಎಂದರೆ ದೊಡ್ಡವರ ಮಾತು. ಗೌರಿ ಆಗ ಮಾತಾಡುತ್ತಿರಲಿಲ್ಲ. ಕೇಳಿದ್ದಕ್ಕೆ ತಲೆಯಾಡಿಸುತ್ತಿದ್ದಳು, ಅಷ್ಟೆ. ತಟ್ಟೆಯಲ್ಲಿ ಚಪಾತಿಯನ್ನು ಸಣ್ಣ ಸಣ್ಣ ಚೂರು ಮಾಡಿ ಅಂಚಿಗೆ ಸಾಲಾಗಿ ಇಡುವಳು. ತಿಂದಳೋ ಇಲ್ಲವೋ ಎಂದು ತಟ್ಟೆ ತೊಳೆಯುವಾಗಲೇ ತಿಳಿಯಬೇಕು. ನಮ್ಮ ಅತ್ತೆಗೆ ಅದನ್ನು ನೋಡಲಾಗುತ್ತಿರಲಿಲ್ಲ. ಅತ್ತೆ ಗದಗಿನ ಕಡೆಯವರು. ನಾಗಪುರಕ್ಕೆ ಬಂದು ಇಷ್ಟು ವರ್ಷವಾದರೂ ಅವರ ಮರಾಠಿ ತರಕಾರಿ ಗಾಡಿಯಿಂದ ಆಚೆ ಹೋಗಿರಲಿಲ್ಲ. "ಗೌರವ್ವಾ, ಜೇವಣ್ ಕರ್ ನಮ್ಮವ್ವಾ, ಥೋಡಾ ಖಾ" ಎಂದು ಮೂರು ಭಾಷೆ ಕಲಸಿ ಅವಳ ಬಾಯಿಯ ಹತ್ತಿರ ತುತ್ತು ಹಿಡಿಯುತ್ತಿದ್ದರು. ಅವಳು ನಯವಾಗಿ ತಲೆ ಹಿಂದೆ ಮಾಡುತ್ತಿದ್ದಳು.

ಶಾಲೆ ಜೂನ್ ಕೊನೆಗೆ ತೆರೆಯಿತು. ಮಳೆ ಇನ್ನೂ ಬಂದಿರಲಿಲ್ಲ. ಮೊದಲ ವಾರದಲ್ಲೇ ಒಂದು ಮಧ್ಯಾಹ್ನ ಗೌರಿ ಒಂದು ಪುಸ್ತಕ ತಂದಳು. ನೀಲಿ ಹೊದಿಕೆಯ, ತೆಳ್ಳನೆಯ ಇಂಗ್ಲಿಷ್ ಪುಸ್ತಕ. ಹೊದಿಕೆಯ ಮೇಲೆ ಒಂದು ಕಿಟಕಿ, ಕಿಟಕಿಯಾಚೆ ನದಿ. ಊಟಕ್ಕೆ ಮೂರು ಸಲ ಕೂಗಿದೆ. ಪುಸ್ತಕ ಹಿಡಿದುಕೊಂಡೇ ಬಂದಳು. ಓದುತ್ತ ಓದುತ್ತ ಎರಡು ಚಪಾತಿ ಪೂರ್ತಿ ತಿಂದದ್ದು ಅವಳಿಗೇ ಗೊತ್ತಾಗಲಿಲ್ಲ. ಅತ್ತೆ ಅಡುಗೆಮನೆಯಿಂದ ನನ್ನ ಸೆರಗು ಜಗ್ಗಿದರು. "ನೋಡ, ನೋಡ! ಆ ಬುಕ್ಕಿನ್ಯಾಗ ಏನೈತಿ ಅಂಥಾದ್ದು?"

ನಾನು ಧಾರವಾಡದ ಕಾನ್ವೆಂಟಿನಲ್ಲಿ ಓದಿದವಳು. ನಮ್ಮ ಸಿಸ್ಟರ್‌ಗಳು ಬಹಳ ಬಿಗಿ. ಜಡೆಯ ರಿಬ್ಬನ್ನು ಒಂದು ಬೆರಳು ಜಾರಿದರೂ ಬಿಡುತ್ತಿರಲಿಲ್ಲ. ಆದರೆ ಶನಿವಾರ ಮಧ್ಯಾಹ್ನ ಪುಸ್ತಕದ ಕಪಾಟಿನ ಬೀಗ ತೆಗೆದು ಆಚೆ ಹೋಗಿ ಜಪಮಾಲೆ ಹಿಡಿದು ಕೂತರೆ, ಯಾರು ಏನು ತೆಗೆದುಕೊಂಡರು ಎಂದು ತಿರುಗಿಯೂ ನೋಡುತ್ತಿರಲಿಲ್ಲ. ಮಕ್ಕಳು ಏನಾದರೂ ಓದುತ್ತಿದ್ದರೆ ಅದನ್ನು ಕಿತ್ತು ನೋಡುವ ಅಭ್ಯಾಸ ನನಗೂ ಆಗಲಿಲ್ಲ. ಗೌರಿ ಪುಸ್ತಕವನ್ನು ನಮ್ಮ ಟೀಪಾಯಿಯ ಮೇಲೆ ಬಿಟ್ಟು ಮೇಲೆ ಹೋದಾಗ ಮಾತ್ರ ತೆರೆದೆ. ಸಂಜೆಯ ಚಹಾ ಆರಿಹೋಗುವಷ್ಟರಲ್ಲಿ ಮುಗಿಸಿಬಿಟ್ಟಿದ್ದೆ.

ಕಥೆ ಒಂದು ನದಿಯ ಊರಿನದು. ಚಂದಾ ಎಂಬ ಹುಡುಗಿಯ ತಾಯಿ ಸಾಯುತ್ತಾಳೆ. ಎಲ್ಲರೂ ಬಂದು ದೇವರ ಇಚ್ಛೆ, ದೇವರ ಇಚ್ಛೆ ಎನ್ನುತ್ತಾರೆ. ಚಂದಾ ಒಂದು ದಿನ ಸ್ಟೂಲು ಹತ್ತಿ ದೇವರ ಪಟವನ್ನು ಗೋಡೆಗೆ ಮುಖ ಮಾಡಿ ತಿರುಗಿಸಿಡುತ್ತಾಳೆ. "ಇನ್ನು ನೀನೂ ಏನೂ ಕಾಣದೆ ಇರು" ಎನ್ನುತ್ತಾಳೆ. ಅವಳ ಅಜ್ಜಿ ನೋಡುತ್ತಾಳೆ. ಬೈಯುವುದಿಲ್ಲ, ಪಟವನ್ನು ಸರಿ ಮಾಡುವುದೂ ಇಲ್ಲ. ಪಟದ ಬೆನ್ನಿನ ಕಂದು ರಟ್ಟಿಗೇ ದಿನಾ ದೀಪ ಹಚ್ಚುತ್ತಾಳೆ. ಹೀಗೆ ಮಳೆಗಾಲವೆಲ್ಲ ಕಳೆಯುತ್ತದೆ. ಕೊನೆಯ ಎರಡು ಅಧ್ಯಾಯ ಅದರ ಮುಂದಿನದು.

ಮರುದಿನ ಗೌರಿ ಕೇಳಿದ್ದು ಅವಳು ನಮ್ಮ ಮನೆಯಲ್ಲಿ ಆಡಿದ ಮೊದಲ ಪೂರ್ತಿ ಮಾತು. "ಕಾಕೂ, ನೀವೂ ಓದಿದ್ರಾ?" ಮರಾಠಿಯಲ್ಲಿ ಕೇಳಿದಳು. ಪುಟದ ನಡುವೆ ನಾನು ಬಿಟ್ಟ ಚಹಾದ ಕಲೆಯಿಂದ ಗೊತ್ತಾಗಿತ್ತು. "ಕೊನೇದು ಹೇಳಬೇಡಿ. ನಾನು ಅಜ್ಜಿ ದೀಪ ಹಚ್ಚೋ ತನಕ ಓದಿ ನಿಲ್ಲಿಸಿದೀನಿ."

"ಯಾಕೆ ನಿಲ್ಲಿಸಿದೆ?"

ಅವಳು ಮತ್ತೆ ಮೊದಲ ಪುಟ ತೆರೆದಳು.

ಹಾಗೇ ನಡೆಯಿತು. ಪಟ ತಿರುಗಿಸುವ ಅಧ್ಯಾಯ, ಅಜ್ಜಿ ರಟ್ಟಿಗೆ ದೀಪ ಹಚ್ಚುವ ಅಧ್ಯಾಯ. ಅಲ್ಲಿಗೆ ಬಂದು ಪುಸ್ತಕ ಮುಚ್ಚುವಳು, ಮತ್ತೆ ಮೊದಲಿಂದ. ಶಾಲೆಯ ಲೈಬ್ರರಿ ನೋಡುತ್ತಿದ್ದ ಶುಭಾಂಗಿ ಮಿಸ್ ಅವರದೊಂದು ನಿಯಮವಿತ್ತು: ಒಂದು ಪುಸ್ತಕವನ್ನು ಇನ್ನೊಬ್ಬರು ಬಂದು ಕೇಳುವ ತನಕ ಅದು ಓದುವವರ ಹತ್ತಿರವೇ ಇರಬಹುದು. ಆ ನೀಲಿ ಪುಸ್ತಕವನ್ನು ಬೇರೆ ಯಾರೂ ಕೇಳಲಿಲ್ಲ.

ಅತ್ತೆ ಬಿಡಬೇಕಲ್ಲ. "ಏ ಸುಮಾ, ನನಗೂ ಹೇಳ. ಕೂಸು ಅದನ್ನ ಹಿಡಕೊಂಡು ಊಟಾ ಮಾಡತೈತಿ ಅಂದಮ್ಯಾಲ ಅದರಾಗ ಉಪ್ಪಿನಕಾಯಿ ಐತೇನು ನೋಡೋಣು." ಹಾಗಾಗಿ ಜುಲೈ ತಿಂಗಳ ಮಧ್ಯಾಹ್ನಗಳಲ್ಲಿ ನಾನು ಪುಸ್ತಕ ಹಿಡಿದು, ಇಂಗ್ಲಿಷಿನ ಸಾಲನ್ನು ಕಣ್ಣಲ್ಲಿ ಓದಿಕೊಂಡು, ಬಾಯಲ್ಲಿ ಕನ್ನಡ ಮಾಡಿ ಹೇಳುತ್ತಿದ್ದೆ. ಮಳೆ ಅಷ್ಟರಲ್ಲಿ ಹಿಡಿದಿತ್ತು. ಅತ್ತೆ ಕಾಲು ಚಾಚಿ ಕೂತು ಹೂಬತ್ತಿ ಹೊಸೆಯುವರು. ಗೌರಿ ಬಾಲ್ಕನಿಯ ಬಾಗಿಲಿಗೆ ಒರಗಿ ಕೇಳುವಳು. ಅವಳಿಗೆ ಕನ್ನಡದ ಒಂದಕ್ಷರವೂ ಬಾರದು. ಆದರೆ ಪುಸ್ತಕ ಅವಳಿಗೆ ಬಾಯಿಪಾಠವಾಗಿತ್ತಲ್ಲ, ನಾನು ಯಾವ ಸಾಲಿನಲ್ಲಿದ್ದೇನೆ ಎಂಬುದು ನನ್ನ ದನಿಯಿಂದಲೇ ತಿಳಿಯುತ್ತಿತ್ತು. "ಆತಾ ನಾವ್ ಯೇಣಾರ್," ಈಗ ದೋಣಿ ಬರುತ್ತೆ ಎನ್ನುವಳು. ಮುಂದಿನ ವಾಕ್ಯದಲ್ಲಿ ದೋಣಿ ಬಂದೇ ಬರುತ್ತಿತ್ತು.

ಕಥೆಯಲ್ಲಿ ಜಿಪುಣ ಅಂಬಿಗನೊಬ್ಬ ಬರುತ್ತಾನೆ. ಅತ್ತೆ ಅವನಿಗೆ ನಮ್ಮ ಕಟ್ಟಡದ ಸೊಸೈಟಿ ಅಧ್ಯಕ್ಷರ ಹೆಸರನ್ನೇ ಇಟ್ಟುಬಿಟ್ಟರು. ಮರಾಠಿಯವರ ಆ ಹೆಸರು ಕನ್ನಡದ ನಡುವೆ ಕೇಳಿ ಗೌರಿ ನಕ್ಕಳು. ಒಮ್ಮೆ ಬಾಯಿ ಮುಚ್ಚಿಕೊಂಡು, ಆಮೇಲೆ ಮುಚ್ಚಿಕೊಳ್ಳದೆ ನಕ್ಕಳು. ಅತ್ತೆ ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ, ತಲೆಯೂ ಎತ್ತಲಿಲ್ಲ. ಆ ದಿನ ಅವರು ಹೊಸೆದ ಬತ್ತಿಗಳೆಲ್ಲ ಬಹಳ ದಪ್ಪವಾಗಿದ್ದವು.

ಪಟ ತಿರುಗಿಸುವ ಅಧ್ಯಾಯ ಹೇಳಿದ ದಿನ ನನಗೆ ಸ್ವಲ್ಪ ಅಳುಕಿತ್ತು. ಅತ್ತೆ ದೇವರ ವಿಷಯದಲ್ಲಿ ಕಟ್ಟುನಿಟ್ಟು. ಸ್ನಾನವಿಲ್ಲದೆ ದೇವರ ಗೂಡಿನ ಹತ್ತಿರ ಯಾರನ್ನೂ ಬಿಡುವವರಲ್ಲ. ಮುಗಿಸಿ ಮುಖ ನೋಡಿದೆ. ಕೈಯಲ್ಲಿದ್ದ ಬತ್ತಿಯನ್ನು ಹೊಸೆದು ಮುಗಿಸಿದರು.

"ನಮ್ಮ ಎರಡನೇದವ ಕೂಸಿದ್ದಾಗ ಹ್ವಾದನಲ್ಲ, ಆ ಶ್ರಾವಣಾ ಪೂರ್ತಿ ನಾ ದೇವರಿಗೆ ಒಂದ ಹೂ ಏರಿಸಲಿಲ್ಲ," ಎಂದರು. "ಹಿತ್ತಲದಾಗ ಮಲ್ಲಿಗಿ ಸುರೀತಿತ್ತು. ಯಾರಿಗೂ ಹೇಳಲಿಲ್ಲ ನಾ. ನಿನ್ನ ಗಂಡಗೂ ಗೊತ್ತಿಲ್ಲ." ಇನ್ನೊಂದು ಬತ್ತಿ ಎತ್ತಿಕೊಂಡು, "ಸಿಟ್ಟು ಬರೂದು ನಮ್ಮವರ ಮ್ಯಾಲೇ ಅಲ್ಲೇನು? ಮಂದಿ ಮ್ಯಾಲ ಯಾರರ ಸಿಟ್ಟಾಗ್ತಾರೇನು?" ಎಂದರು. ಗೌರಿಗೆ ಅದನ್ನು ಮರಾಠಿಯಲ್ಲಿ ಹೇಳಿದೆ. ಅವಳು ಎದ್ದು ಬಂದು ಅತ್ತೆಯ ಪಕ್ಕ ಕೂತು ಒಂದು ಬತ್ತಿ ಹೊಸೆಯಲು ನೋಡಿದಳು. ಬರಲಿಲ್ಲ.

ಅಜ್ಜಿ ದೀಪ ಹಚ್ಚುವ ಅಧ್ಯಾಯವೂ ಆದ ಮೇಲೆ ಅವಳೇ, "ಕಾಕೂ, ಥಾಂಬಾ" ಎಂದು ನನ್ನನ್ನು ನಿಲ್ಲಿಸಿದಳು. ಮುಂದಿನ ಎರಡು ಅಧ್ಯಾಯ ತಾನು ಮೊದಲು ಓದಬೇಕು, ಅಲ್ಲಿಯ ತನಕ ಆಜಿಗೂ, ಅಂದರೆ ಅತ್ತೆಗೂ, ಹೇಳಬೇಡಿ ಎಂದಳು. ಯಾವಾಗ ಓದುತ್ತೀ ಎಂದು ಕೇಳಿದ್ದಕ್ಕೆ, "ಓದ್ತೀನಿ. ಇನ್ನೂ ಆಗ್ತಿಲ್ಲ" ಎಂದಳು. ಅತ್ತೆ ಒಪ್ಪಿದರು. "ಆಗಲಿ ಬಿಡು. ನಂಗೇನು ರೈಲು ತಪ್ಪತೈತೇನು?"

ಗುರುವಾರಗಳಂದು ಇಲ್ಲಿಯ ಕನ್ನಡದ ಹೆಂಗಸರು ಒಬ್ಬೊಬ್ಬರ ಮನೆಯಲ್ಲಿ ಸೇರಿ ಭಜನೆ ಮಾಡುತ್ತಾರೆ. ಮಂಗಳಾರತಿಯಾದ ಮೇಲೆ ಅವಲಕ್ಕಿ ತಿನ್ನುತ್ತ ಅತ್ತೆಯ ಕಥೆ ಕೇಳುವುದು ಒಂದು ರೂಢಿಯೇ ಆಗಿತ್ತು. ಹಿಂದೆ ಟೀವಿಯ ಧಾರಾವಾಹಿ ಹೇಳುತ್ತಿದ್ದರು; ಆ ತಿಂಗಳು ಚಂದಾಳ ಕಥೆ. ವಾರಕ್ಕೆ ನಾವು ಎಷ್ಟು ಓದಿದ್ದೆವೋ ಅಷ್ಟು. ಆ ಗುರುವಾರ ಕಥೆ ಪಟ ಗೋಡೆಯತ್ತ ತಿರುಗಿರುವಾಗಲೇ ನಿಂತಿತು. "ಮುಂದ?" ಎಂದು ಎಲ್ಲರೂ ಕೇಳಿದರಂತೆ. "ಮುಂದ ಇನ್ನೂ ಓದಿಲ್ಲವಾ. ಸಾಲಿ ಲೈಬ್ರರಿದು ಬುಕ್ಕು, ಹುಡುಗಿ ಓದಿದ ಮ್ಯಾಲ" ಎಂದು ಅತ್ತೆ ಹೆಮ್ಮೆಯಿಂದಲೇ ಹೇಳಿದ್ದರು.

ಕೇಳಿದವರಲ್ಲಿ ವಿದ್ಯಾ ಇದ್ದಳು. ಬಾಗಲಕೋಟೆ ಕಡೆಯವಳು, ಗಂಡನದು ಬಟ್ಟೆ ವ್ಯಾಪಾರ, ಮಗ ಅದೇ ಶಾಲೆಯಲ್ಲಿ ಆರನೆಯ ತರಗತಿ. ಒಳ್ಳೆಯ ಹುಡುಗಿ. ನನಗೆ ಟೈಫಾಯ್ಡ್ ಆಗಿದ್ದಾಗ ದಿನಾ ಗಂಜಿ ಮಾಡಿ ಕಳಿಸಿದವಳು. ಅವಳು ಮನೆಗೆ ಹೋಗಿ ಪಾಲಕರ ವಾಟ್ಸಾಪ್ ಗುಂಪಿನಲ್ಲಿ ಒಂದು ಪ್ರಶ್ನೆ ಹಾಕಿದಳು: ನಮ್ಮ ಶಾಲೆಯ ಲೈಬ್ರರಿಯಲ್ಲಿ ಇಂಥದೊಂದು ಪುಸ್ತಕ ಇದೆಯೇ, ಯಾರಾದರೂ ನೋಡಿದ್ದೀರಾ? ಕೊನೆಗೆ ಕೈಮುಗಿದ ಚಿತ್ರ. ನಾನು ಅದನ್ನು ನೋಡಿದಾಗ ಕುಕ್ಕರಿನ ಮುಂದೆ ನಿಂತಿದ್ದೆ. ಉತ್ತರ ಬರೆಯಬೇಕು ಎಂದುಕೊಂಡೆ; ಸೀಟಿ ಕೂಗಿ ಒಲೆ ಆರಿಸಿ ತಿರುಗುವಷ್ಟರಲ್ಲಿ ಗುಂಪು ಬಹಳ ಮುಂದೆ ಹೋಗಿತ್ತು. ಶಾಲೆ ಮಕ್ಕಳಿಗೆ ದೇವರ ಫೋಟೋ ಉಲ್ಟಾ ಇಡಲು ಕಲಿಸುತ್ತಿದೆ. ಫೋಟೋವನ್ನು ಹೊರಗೆ ಎಸೆದಳಂತೆ. ಕಾಲಿನಿಂದ ಒದ್ದಳಂತೆ. ಯಾವ ಪ್ರಕಾಶಕರು? ಯಾರು ತರಿಸಿದ್ದು? ನಾನು ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದೆ. ಪುಸ್ತಕ ಓದಿದ್ದೇನೆ, ಹಾಗಿಲ್ಲ, ಕೊನೆಯ ತನಕ ಓದಿ ಎಂದು. ಅದರ ಕೆಳಗೆ ಒಬ್ಬರು ಹೆಬ್ಬೆರಳಿನ ಚಿತ್ರ ಒತ್ತಿದರು. ಅದರ ಮೇಲೆ ಇನ್ನಷ್ಟು ಸಂದೇಶಗಳು ಬಿದ್ದವು.

ಅತ್ತೆಗೆ ಎರಡು ದಿನ ಹೇಳಲಿಲ್ಲ. ವಿದ್ಯಾಳೇ ಬಂದು ಹೇಳಿದಳು. ಸೋಫಾದ ತುದಿಯಲ್ಲಿ ಕೂತು, ಕೊಟ್ಟ ನೀರನ್ನೂ ಕುಡಿಯದೆ, "ನಾ ಕೆಟ್ಟದ್ದು ಅಂತ ಅಂದಿಲ್ರಿ ಸುಮಕ್ಕಾ. ಬರೇ ಐತೇನು ಅಂತ ಕೇಳಿದೆ. ನಮ್ಮ ಹುಡುಗ ಈಗೀಗ ದೇವರಿಗೆ ಕೈ ಯಾಕ ಮುಗೀಬೇಕು ಅಂತಾನರಿ, ಅಂಜಿಕಿ ಬಂತು ನನಗ" ಎಂದಳು.

ಅತ್ತೆ ಹೊಸೆಯುತ್ತಿದ್ದ ಬತ್ತಿಯನ್ನು ಕೆಳಗಿಟ್ಟರು. "ನನ್ನ ಬಾಯಿಂದ ಹ್ವಾದ ಮಾತೇನ ಇದು?"

"ನಿಮ್ಮ ಹೆಸರು ಎಲ್ಲೂ ತಗದಿಲ್ರಿ ಅಜ್ಜಿ."

"ಹೆಸರು ಯಾರಿಗೆ ಬೇಕವಾ. ಕಥಿ ಅರ್ಧಾ ಆಗಿತ್ತು. ಅರ್ಧಾ ಕಥಿ ಒಯ್ದೀದೀ ನೀ."

ಶಾಲೆಯವರು ಪಾಲಕರ ಸಭೆ ಕರೆದರು. ನಮ್ಮ ಯಜಮಾನರು ಆಫೀಸಿಗೆ ಹೊರಟು ನಿಂತು ಷೂ ಲೇಸು ಕಟ್ಟುತ್ತ, "ಸುಮಾ, ಬಾಳ ಮುಂದ ಬೀಳಬ್ಯಾಡ. ಮೇಘನಾಂದು ಬೋರ್ಡ್ ವರ್ಷ" ಎಂದಷ್ಟೇ ಹೇಳಿದರು. ನಾನು ಹೋದೆ. ಪ್ರಿನ್ಸಿಪಾಲ್ ಮೇಡಂ ಬಹಳ ಮೃದುವಾಗಿ ಮಾತಾಡಿದರು. ಎಲ್ಲರಿಗೂ ಚಹಾ ಬಂತು. ನಾನು ಎದ್ದು ನಿಂತು, ನನ್ನ ಕಾನ್ವೆಂಟಿನ ಹಿಂದಿಯಲ್ಲಿ ಕಥೆಯನ್ನು ಮೊದಲಿಂದ ಕೊನೆಯ ತನಕ ಹೇಳಿದೆ. ಹುಡುಗಿ ಒದೆಯುವುದಿಲ್ಲ, ಎಸೆಯುವುದಿಲ್ಲ. ಅಜ್ಜಿ ದೀಪ ಹಚ್ಚುವುದನ್ನು ಬಿಡುವುದಿಲ್ಲ. ಕೊನೆಗೆ ಹುಡುಗಿ ತಾನಾಗಿ ಪಟದ ಹತ್ತಿರ ಬರುತ್ತಾಳೆ ಎಂದೆ. ಎಲ್ಲರೂ ಕೇಳಿದರು. ಮುಂದಿನ ಸಾಲಿನ ತಂದೆಯೊಬ್ಬರು, ಸಿಟ್ಟಿಲ್ಲದೆ, ನಿಜವಾಗಿ ಅರ್ಥವಾಗದವರಂತೆ ಕೇಳಿದರು: "ಮ್ಯಾಡಮ್, ಕೊನೆಗೆ ಸರಿ ಮಾಡಿಸೋದಾದರೆ ಮೊದಲು ತಪ್ಪು ಮಾಡಿಸೋದೇಕೆ?" ಇನ್ನೊಬ್ಬರು, "ಮಕ್ಕಳಿಗೆ ಇಷ್ಟು ದುಃಖದ್ದು ಯಾಕೆ ಓದಿಸಬೇಕು? ಪಾಸಿಟಿವ್ ಏನಾದರೂ ಇಡಿ" ಎಂದರು. ನಮ್ಮ ಮನೆಯಲ್ಲೊಂದು ಮಗು ಆ ಪುಸ್ತಕ ಹಿಡಿದುಕೊಂಡು ಊಟ ಮಾಡುತ್ತದೆ ಎಂದು ಹೇಳಬೇಕೆಂದಿದ್ದೆ. ಎಲ್ಲರಿಗೂ ಅದು ಯಾವ ಮಗು ಎಂದು ತಿಳಿದುಬಿಡುತ್ತದೆ ಅನಿಸಿ ಹೇಳದೇ ಕೂತೆ.

"ನಾವು ಪುಸ್ತಕವನ್ನು ಬ್ಯಾನ್ ಮಾಡುತ್ತಿಲ್ಲ," ಎಂದರು ಪ್ರಿನ್ಸಿಪಾಲ್. "ಸದ್ಯಕ್ಕೆ ತೆಗೆದಿಡುತ್ತೇವೆ. ಉಳಿದವನ್ನೂ ಒಮ್ಮೆ ನೋಡಿಬಿಡೋಣ."

ಆ ನೋಡುವಿಕೆ ಶ್ರಾವಣದ ಕೊನೆಗೆ ಬರುವ ಎತ್ತುಗಳ ಹಬ್ಬ ಪೋಳಾದ ತನಕ ನಡೆಯಿತು. ಲೈಬ್ರರಿ ಪಿರಿಯಡ್ಡಿನಲ್ಲಿ ಮಕ್ಕಳು ಗಣಿತ ಮಾಡಿದರು. ಅಪ್ಪ ಅಮ್ಮ ಬೇರೆಯಾದ ಮನೆಯ ಕಥೆ ಹೋಯಿತು. ದೆವ್ವದ ಕಥೆಗಳು ಹೋದವು. ಹುಡುಗಿಯರು ದೊಡ್ಡವರಾಗುವ ವಿಷಯ ತಿಳಿಸುವ ಪುಸ್ತಕ ಹೋಯಿತು. ಈದಿನ ದಿನ ಗೆಳತಿಯ ಮನೆಯಲ್ಲಿ ಶೀರ್‌ಖುರ್ಮಾ ಉಣ್ಣುವ ಹುಡುಗಿಯ ಚಿತ್ರಪುಸ್ತಕವೂ ಹೋಯಿತು. ಅದರ ಬಗ್ಗೆ ಯಾರೂ ದೂರು ಕೊಟ್ಟಿರಲಿಲ್ಲ, ಮುಂದೆ ಕೊಡಬಹುದೆಂದು ತೆಗೆದರು. ಶುಭಾಂಗಿ ಮಿಸ್ ಪೆಟ್ಟಿಗೆಗೆ ತುಂಬುತ್ತಿದ್ದಾಗ ನಾನು ಮೇಘನಾಳ ಹಾಲ್ ಟಿಕೆಟಿನ ಫೋಟೋ ಕೊಡಲು ಹೋಗಿದ್ದೆ. ಅವರು ಪ್ರತಿ ಪುಸ್ತಕದ ಬೆನ್ನನ್ನೂ ಸೀರೆಯ ಸೆರಗಿನಿಂದ ಒರೆಸಿ ಇಡುತ್ತಿದ್ದರು. "ಆ ನೀಲಿ ಪುಸ್ತಕ ಇನ್ನೂ ಗೌರಿ ಹತ್ತಿರ ಇದೆ ಅಲ್ವಾ," ಎಂದರು ತಗ್ಗಿದ ದನಿಯಲ್ಲಿ. "ನಾನಾಗಿ ಕೇಳೋದಿಲ್ಲ. ಅವಳು ಮುಗಿಸಲಿ."

ಅದನ್ನು ಕೇಳಿ ನನಗೆ ಎಷ್ಟು ಸಮಾಧಾನವಾಯಿತೆಂದರೆ, ಮನೆಗೆ ಬರುವಾಗ ಅಂಗಡಿಯಲ್ಲಿ ನಿಂತು ಗೌರಿಗೆ ಇಷ್ಟವಾದ ಕಿತ್ತಳೆ ಬರ್ಫಿ ಕಟ್ಟಿಸಿಕೊಂಡೆ.

ಅತ್ತೆ ಅಷ್ಟರಲ್ಲಿ ಉಳಿದ ಕಥೆಗೆ ಪಟ್ಟು ಹಿಡಿದಿದ್ದರು. ಭಜನೆಯಲ್ಲಿ ಪೂರ್ತಿ ಹೇಳಬೇಕು, ತಮ್ಮಿಂದ ಅರ್ಧ ಹೋದದ್ದನ್ನು ತಾವೇ ತುಂಬಬೇಕು ಎಂದು. ಗೌರಿಗೆ ಕೊಟ್ಟ ಮಾತು ಇತ್ತು. ಅವಳನ್ನೇ ಕೇಳಿದೆ. "ಆಜಿಗೆ ಹೇಳಿ, ನನ್ನ ಮುಂದೆ ಬೇಡ" ಎಂದಳು. ಹಾಗಾಗಿ ಅವಳು ಶಾಲೆಯಲ್ಲಿದ್ದ ಹೊತ್ತಿನಲ್ಲಿ, ಹಾಲು ಕಾಯಿಸುತ್ತ, ಕೊನೆಯ ಎರಡು ಅಧ್ಯಾಯವನ್ನು ಕನ್ನಡದಲ್ಲಿ ಹೇಳಿದೆ. ಅತ್ತೆ ಒಂದು ಕಡೆ ಕಣ್ಣೊರೆಸಿಕೊಂಡು, "ಇನ್ನೊಮ್ಮೆ ಹೇಳ, ನನ್ನ ಬಾಯಿಗೆ ಬರೋಹಂಗ" ಎಂದರು. ಮೂರು ಸಲ ಹೇಳಿಸಿಕೊಂಡರು. ನಾಲ್ಕನೆಯ ಸಲ ಅವರೇ ನನಗೆ ಒಪ್ಪಿಸಿದರು.

ಗುರುವಾರ ನಾನೂ ಜೊತೆಗೆ ಹೋದೆ. ಅವಲಕ್ಕಿ ಬಂದ ಮೇಲೆ ಅತ್ತೆ ಗಂಟಲು ಸರಿ ಮಾಡಿಕೊಂಡು ಕಥೆ ಹೇಳಿದರು, ಒಂದು ಮಾತೂ ತಪ್ಪದೆ. ಹೆಂಗಸರು ತಟ್ಟೆ ಕೆಳಗಿಟ್ಟು ಕೇಳಿದರು. ಒಬ್ಬಿಬ್ಬರು ಮೂಗು ಒರೆಸಿಕೊಂಡರು. ಮುಗಿದ ಮೇಲೆ ಯಾರೋ, "ಛಲೋ ಕಥಿರಿ ಅಜ್ಜಿ, ಇದರಾಗ ಕೆಟ್ಟದೇನೈತಿ?" ಎಂದರು. ಎಲ್ಲರೂ ವಿದ್ಯಾಳನ್ನು ನೋಡಿದರು. ಅವಳ ಮುಖ ಸಣ್ಣದಾಯಿತು. "ನಾ ಗ್ರೂಪಿನ್ಯಾಗ ಬರದೆರಿ ಅಜ್ಜಿ, ಇರಲಿ ಬಿಡ್ರಿ ಅಂತ. ಈಗ ನನ್ನ ಮಾತು ಯಾರ ಕೇಳ್ತಾರ? ಅದು ನನ್ನ ಕೈಯಾಗ ಉಳದಿಲ್ಲ." ಅವಳು ಹೇಳಿದ್ದು ನಿಜ. ಅವಳು ಬರೆದದ್ದನ್ನು ನಾನೂ ನೋಡಿದ್ದೆ. ಅದರ ಕೆಳಗೆ ಒಬ್ಬರು, ನೀವು ಯಾರ ಪರ ಎಂದು ಕೇಳಿದ್ದರು.

ಆಮೇಲೆ ಅತ್ತೆ ಭಜನೆಗೆ ಹೋಗುತ್ತಿದ್ದರು, ಕಥೆ ಹೇಳುತ್ತಿರಲಿಲ್ಲ. ಕೇಳಿದರೆ, "ನೆನಪು ಹ್ವಾಗ್ಯಾವವಾ" ಎನ್ನುತ್ತಿದ್ದರು.

ಮರುವಾರ ಶಾಲೆಯಲ್ಲಿ ಒಂದು ಪ್ರಕಟಣೆ ಓದಿದರು: ಮಕ್ಕಳ ಬಳಿ ಇರುವ ಲೈಬ್ರರಿ ಪುಸ್ತಕಗಳನ್ನೆಲ್ಲ ಹಿಂದಿರುಗಿಸಬೇಕು, ಬಾರದ ಪುಸ್ತಕಗಳಿಗೆ ಲೈಬ್ರರಿ ಟೀಚರ್ ಉತ್ತರ ಕೊಡಬೇಕಾಗುತ್ತದೆ. ಇದು ನನಗೆ ತಿಳಿದದ್ದು ಮರುದಿನ ಸಂಜೆ, ಎಲ್ಲ ಮುಗಿದ ಮೇಲೆ. ಪ್ರಕಟಣೆ ಕೇಳಿದ್ದ ಗೌರಿ ಆ ಬೆಳಿಗ್ಗೆಯೇ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಹೋಗಿದ್ದಳು. ಯಾರಿಗೂ ಹೇಳಿರಲಿಲ್ಲ. ಸಾಲಿನಲ್ಲಿ ನಿಂತು, ಸರದಿ ಬಂದಾಗ ಕೊಟ್ಟಳಂತೆ. ಶುಭಾಂಗಿ ಮಿಸ್ ಕೈ ಚಾಚದೆ, "ಮುಗಿಸಿದ್ಯಾ?" ಎಂದು ಕೇಳಿದರಂತೆ. ಗೌರಿ "ಹೋ, ಮಿಸ್," ಹೌದು ಎಂದಳಂತೆ. ಮಿಸ್ ಇದನ್ನು ನನಗೆ ಫೋನಿನಲ್ಲಿ ಹೇಳುವಾಗ ಅವರ ದನಿಯಲ್ಲಿ ಒಂದು ಬಗೆಯ ನಿಶ್ಚಿಂತೆಯಿತ್ತು. "ಸದ್ಯ, ಓದಿ ಮುಗಿಸಿದಳಲ್ಲ." ಅವಳು ಮುಗಿಸಿಲ್ಲವೆಂದು ಗೊತ್ತಿದ್ದೂ ನಾನು ಹೌದೆಂದೆ.

ಆ ಮಧ್ಯಾಹ್ನ ಅವಳು ತಟ್ಟೆಯ ಅಂಚಿಗೆ ಚಪಾತಿಯ ಚೂರು ಜೋಡಿಸುವುದನ್ನು ಅತ್ತೆ ನೋಡುತ್ತ ಕೂತಿದ್ದರು. ತುತ್ತು ಹಿಡಿಯಲಿಲ್ಲ.

ಸೀತಾಬರ್ಡಿಯ ಪುಸ್ತಕದಂಗಡಿಗಳನ್ನೆಲ್ಲ ತಿರುಗಿದೆ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ನೀಲಿ ಹೊದಿಕೆಯ ಚಿತ್ರ ಬರುತ್ತಿತ್ತು, ಕೆಳಗೆ ಲಭ್ಯವಿಲ್ಲ ಎಂದು. ಸಣ್ಣ ಪ್ರಕಾಶನ, ಫೋನ್ ಮಾಡಿದರೆ, ಪ್ರತಿಗಳು ಮುಗಿದಿವೆ, ಮತ್ತೆ ಅಚ್ಚು ಹಾಕಿಲ್ಲ ಎಂದರು. ಶಾಲೆಯ ಪ್ರತಿಯನ್ನು ಒಂದೇ ದಿನಕ್ಕೆ ಕೊಡಿ ಎಂದು ಪ್ರಿನ್ಸಿಪಾಲರನ್ನು ಕೇಳಿದೆ. ಪೆಟ್ಟಿಗೆಗಳು ಆಗಲೇ ಶಾಲೆ ನಡೆಸುವ ಸಂಸ್ಥೆಯ ಕಚೇರಿಗೆ ಹೋಗಿದ್ದವು. "ನೀವು ಇಷ್ಟು ಓದಿದವರು, ಇಷ್ಟು ಸಣ್ಣ ಮಕ್ಕಳ ಪುಸ್ತಕಕ್ಕೆ ಇಷ್ಟೊಂದು ಬೇಜಾರು ಮಾಡಿಕೊಳ್ಳುತ್ತೀರಲ್ಲ" ಎಂದು ನನ್ನ ಕೈ ಹಿಡಿದು ಹೇಳಿದರು. ದೀಪಾವಳಿಯ ನಂತರ ಶುಭಾಂಗಿ ಮಿಸ್ ಅವರನ್ನು ಶಿಶುವರ್ಗಕ್ಕೆ ಹಾಕಿದರು. ಲೈಬ್ರರಿ ಕೋಣೆಗೆ ಕಂಪ್ಯೂಟರುಗಳು ಬಂದವು.

ಗೌರಿ ಮೊದಲಿನಂತೆ ಮಾತು ನಿಲ್ಲಿಸಲಿಲ್ಲ. ಅಷ್ಟರಮಟ್ಟಿಗೆ ಎಲ್ಲರೂ ಅವಳು ಸುಧಾರಿಸಿಕೊಂಡಳೆಂದರು. ಪಾಠ ಓದಿದಳು, ಒಳ್ಳೆಯ ಅಂಕ ತೆಗೆದಳು. ಬೇರೆ ಪುಸ್ತಕ ತಂದುಕೊಟ್ಟೆ, ಒಂದಲ್ಲ ಅನೇಕ. ಥ್ಯಾಂಕ್ಯೂ ಎಂದು ತೆಗೆದುಕೊಳ್ಳುತ್ತಿದ್ದಳು, ತೆರೆದ ಗುರುತೇ ಇಲ್ಲದೆ ಹಿಂದಿರುಗಿಸುತ್ತಿದ್ದಳು. ಈಗ ಪುಣೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಳೆ. ಹಬ್ಬಕ್ಕೆ ಫೋನ್ ಮಾಡಿದರೆ ಆಜಿಯ ಮೊಣಕಾಲು ಹೇಗಿದೆ ಎಂದು ತಪ್ಪದೆ ಕೇಳುತ್ತಾಳೆ. ಏನು ಓದುತ್ತಿದ್ದೀ ಎಂದರೆ, ಅಭ್ಯಾಸದ್ದೇ ಕಾಕೂ, ಇನ್ನೇನು, ಎಂದು ನಗುತ್ತಾಳೆ.

ಲೈಬ್ರರಿ ಹೋದ ಮರುವರ್ಷದ ಬೇಸಿಗೆಯಲ್ಲೇ ಅವಳ ಅಪ್ಪ ಕೆಲಸ ಬದಲಿಸಿ ಪುಣೆಗೆ ಹೊರಟರು. ಸಾಮಾನು ಟೆಂಪೋಗೆ ಏರುತ್ತಿತ್ತು. ಗೌರಿ ಅತ್ತೆಯ ಕಾಲು ಮುಟ್ಟಿ, ಮೆಟ್ಟಿಲಿಗೆ ಬಂದು ನಿಂತಳು. ನಾನು ತಡೆಯಲಾರದೆ ಕೇಳಿಬಿಟ್ಟೆ, "ಚಂದಾ ಕೊನೆಗೆ ಏನು ಮಾಡಿದಳು ಹೇಳಲಾ?"

"ನಕೊ, ಕಾಕೂ," ಬೇಡ ಎಂದಳು ಕೂಡಲೇ. "ಪಟ ಸರಿ ಮಾಡಿರ್ತಾಳೆ, ಗೊತ್ತು. ಪುಸ್ತಕದಲ್ಲಿ ಹಾಗೇ ಮಾಡ್ತಾರೆ." ಕಂಬಿಯ ಮೇಲಿನ ಧೂಳನ್ನು ಬೆರಳಿನಿಂದ ಒರೆಸುತ್ತಿದ್ದಳು. "ಹೇಗೆ ಮಾಡಿದಳು ಅಂತ ಓದಬೇಕಿತ್ತು. ನಾನೇ."

ಧೂಳಾದ ಬೆರಳನ್ನು ಫ್ರಾಕಿಗೆ ಒರೆಸಿಕೊಂಡು, "ಆಜಿಗೆ ಹೇಳಿದ ಹಾಗೆ ಹೇಳಿ. ಕಾನಡಿಯಲ್ಲಿ," ಎಂದಳು. "ನನಗೆ ತಿಳಿಯಬಾರದು. ಪುಸ್ತಕ ಸಿಕ್ಕಾಗ ಓದ್ತೀನಿ. ಸುಮ್ಮನೆ ಕೇಳ್ತೀನಿ."

ಮೆಟ್ಟಿಲ ಮೇಲೆ ಕೂತೆವು. ನಾನು ಕನ್ನಡದಲ್ಲಿ ಹೇಳಿದೆ. ಅಜ್ಜಿಗೆ ಜ್ವರ ಬಂದು ಏಳಲಾಗದ ಸಂಜೆ, ಮನೆಯಲ್ಲಿ ದೀಪವಿಲ್ಲ. ಚಂದಾ ಸ್ಟೂಲು ಹತ್ತಿ, ರಟ್ಟಿನ ಮುಂದೆ ತಾನೇ ದೀಪ ಹಚ್ಚುತ್ತಾಳೆ. "ನನ್ನ ಸಿಟ್ಟು ಹೋಗಿಲ್ಲ," ಎನ್ನುತ್ತಾಳೆ ಪಟಕ್ಕೆ. "ಆದರೆ ಅಜ್ಜಿ ಮಲಗಿದ್ದಾಳೆ, ನೋಡು." ಹಾಗೆಂದು ಪಟವನ್ನು ತಿರುಗಿಸುತ್ತಾಳೆ, ಪೂರ್ತಿ ಅಲ್ಲ, ಅರ್ಧ ಮಾತ್ರ, ಅಜ್ಜಿಯ ಹಾಸಿಗೆ ಕಾಣುವಷ್ಟು.

ಗೌರಿ ನನ್ನ ಬಾಯನ್ನೇ ನೋಡುತ್ತಿದ್ದಳು. ಮೊದಲಿನ ಅಧ್ಯಾಯಗಳಲ್ಲಿ ನಾನು ಎಲ್ಲಿದ್ದೇನೆಂದು ನನಗಿಂತ ಮೊದಲೇ ಅವಳಿಗೆ ತಿಳಿಯುತ್ತಿತ್ತು. ಈಗ ಅವಳ ಹುಬ್ಬು ಗಂಟಿಕ್ಕಿಕೊಂಡು, ಕಿವಿ ನನ್ನ ದನಿಯಲ್ಲಿ ಒಂದು ಗುರುತಿಗಾಗಿ ಹುಡುಕುತ್ತಿತ್ತು. ನಾನು ಮುಗಿಸಿದೆ. ಅವಳು ಇನ್ನೂ ಕಾಯುತ್ತಲೇ ಇದ್ದಳು.

"ಸಂಪಲಂ?" ಎಂದಳು. ಮುಗಿಯಿತೇ?

"ಹೂಂ. ಮುಗೀತು."

"ಬರಂ," ಸರಿ ಎಂದು ಎದ್ದು, ಫ್ರಾಕಿನ ಹಿಂದಿನ ಧೂಳು ಕೊಡವಿಕೊಂಡು, ಚೀಲ ಹೆಗಲಿಗೆ ಹಾಕಿ ಕೆಳಗಿಳಿದು ಹೋದಳು.